ಇಬ್ಬರಿಗೊಂದು ಹಡಗು

ಸಮುದ್ರಯಾನದ ಕಥೆಯೆಂದರೆ ಸಾಮಾನ್ಯವಾಗಿ ನಮ್ಮ ಕಣ್ಣ ಮುಂದೆ ಸುಳಿಯುವವರು ಎದೆಗಾರ ನಾವಿಕರು, ಕಡಲುಗಳ್ಳರು. ನನಗೆ ಬಹು ಪ್ರಿಯವಾದ ಕಡಲ ಚಿತ್ರವೊಂದಿದೆ. ಅದರ ಹಡಗಿನಲ್ಲಿ ಅದನ್ನು ನಡೆಸಬಲ್ಲವನು ಒಬ್ಬನೂ ಇಲ್ಲ. ಇರುವವರು ಇಬ್ಬರೇ; ಆ ಇಬ್ಬರಿಗೂ ಒಂದು ಲೋಟ ಕಾಫಿ ಮಾಡಿಕೊಳ್ಳಲು ಬಾರದು. ೧೯೨೪ರಲ್ಲಿ ಅಮೆರಿಕದಲ್ಲಿ ತಯಾರಾದ 'ದಿ ನ್ಯಾವಿಗೇಟರ್' ಎಂಬ ಮೂಕಚಿತ್ರವಿದು. ಬಸ್ಟರ್ ಕೀಟನ್ ಇದರ ನಾಯಕ. ಡೊನಾಲ್ಡ್ ಕ್ರಿಸ್ಪ್ ಎಂಬ ಇನ್ನೊಬ್ಬ ನಟನೊಡನೆ ಸೇರಿ ಇದನ್ನು ನಿರ್ದೇಶಿಸಿದವನೂ ಆತನೇ.

ಕೀಟನ್ ಎಳವೆಯಿಂದಲೇ ತಂದೆತಾಯಿಗಳೊಡನೆ ರಂಗದ ಮೇಲೆ ಬಿದ್ದೆದ್ದು ಬೆಳೆದವನು. ತಾನು ನಕ್ಕರೆ ಪ್ರೇಕ್ಷಕರು ನಗುವುದಿಲ್ಲವೆಂಬ ಗುಟ್ಟನ್ನು ಆತ ಆಗಲೇ ಕಂಡುಕೊಂಡಿದ್ದನು. ಆದ್ದರಿಂದ ಆಕಾಶವೇ ಕಳಚಿ ಬಿದ್ದರೂ ಆತನ ಮುಖದಲ್ಲಿ ನಗುವಿಲ್ಲ, ಗಾಬರಿಯೂ ಅಷ್ಟಕ್ಕಷ್ಟೆ. ಆ ಮುಖಕ್ಕೆ ತಕ್ಕ ಪಾತ್ರ ಇಲ್ಲಿ ದೊರೆತಿದೆ.

ನಾಯಕ ರೋಲೊ ಆಗರ್ಭ ಶ್ರೀಮಂತ. ಒಂದು ಬೆಳಿಗ್ಗೆ ಕಿಟಕಿಯಿಂದ ನವದಂಪತಿಗಳನ್ನು ಕಾಣುತ್ತಾನೆ. ತಾನೂ ಇಂದೇ ಮದುವೆಯಾಗಬೇಕೆಂದು ನಿಶ್ಚಯಿಸುತ್ತಾನೆ. ಹುಡುಗಿಯನ್ನು ಕೇಳುವ ಮೊದಲೇ ಮಧುಚಂದ್ರದ ಪ್ರಯಾಣಕ್ಕೆ ಟಿಕೆಟುಗಳನ್ನು ತರಿಸುತ್ತಾನೆ. ಅನಂತರ ಮೋಟಾರಿನಲ್ಲಿ ಕುಳಿತು ಅವಳ ಮನೆಗೆ ಹೊರಡುತ್ತಾನೆ. ಮೋಟಾರು ರಸ್ತೆಯನ್ನು ದಾಟಿ ಎದುರು ಮನೆಯ ಮುಂದೆ ನಿಲ್ಲುತ್ತದೆ! ಅವಳು ಒಲ್ಲೆನೆನ್ನುತ್ತಾಳೆ. ಆಗ ಅವನು, ದೂರ ನಡೆದರೆ ಮನಸ್ಸಿಗೆ ಹಿತವೆಂದು ಮೋಟಾರನ್ನು ಬಿಟ್ಟು, ಅದೇ ರಸ್ತೆಯನ್ನು ಕಾಲ್ನಡಿಗೆಯಲ್ಲಿ ದಾಟಿ ಮನೆ ಸೇರುತ್ತಾನೆ. ಒಬ್ಬ ಮನುಷ್ಯನ ಇಡೀ ಬಾಳನ್ನು ಇಷ್ಟು ಕಡಿಮೆ ವೆಚ್ಚದಲ್ಲಿ ತೋರಿಸಿದ ಬೇರೊಂದು ಚಿತ್ರವನ್ನು ನಾನು ಕಂಡಿಲ್ಲ.

ಮುಂದೆ ಯಾವುದೋ ಎರಡು ದೇಶಗಳ ಜಗಳ, ಗೂಢಚಾರರ ಸಂಚು. ಆ ವಿವರಗಳನ್ನು ಚಿತ್ರವೂ ಬಹಳ ಮನಸ್ಸಿಟ್ಟು ಹೇಳುವುದಿಲ್ಲ. ಕತ್ತಲಲ್ಲಿ ತಪ್ಪು ಹಡಗನ್ನು ಹತ್ತಿದ ರೋಲೊ, ತಂದೆಯನ್ನು ಹುಡುಕಿಕೊಂಡು ಅದೇ ಹಡಗಿಗೆ ಬಂದ ಆ ಹುಡುಗಿ ಬೆಟ್ಸಿ, ಬೆಳಗಾಗುವಾಗ ನಡುಗಡಲಿನಲ್ಲಿದ್ದಾರೆ. ಒಬ್ಬರಿರುವುದು ಇನ್ನೊಬ್ಬರಿಗೆ ತಿಳಿಯದು. ಅವಳು ಮೇಲಟ್ಟದಲ್ಲಿದ್ದಾಗ ಇವನು ಕೆಳಗೆ. ಇವನು ಮೇಲೇರಿದಾಗ ಅವಳು ಮರೆಗೆ. ನಡಿಗೆ ಓಟವಾಗುತ್ತದೆ, ಖಾಲಿ ಹಡಗನ್ನು ಇಬ್ಬರೂ ಗಾಣದೆತ್ತುಗಳಂತೆ ಸುತ್ತುತ್ತಾರೆ.

ಚಿತ್ರದ ಜೀವಾಳವಿರುವುದು ಅಡುಗೆಮನೆಯಲ್ಲಿ. ನೂರಾರು ಜನರಿಗೆ ಬೇಯಿಸುವ ಕೊಪ್ಪರಿಗೆಗಳು, ತೋಳುದ್ದದ ಸೌಟುಗಳು, ಉಣ್ಣಬೇಕಾದವರು ಇಬ್ಬರು. ಬೆಟ್ಸಿ ಒಂದು ದೊಡ್ಡ ಪಾತ್ರೆಗೆ ಹುಡಿ ಮಾಡದ ನಾಲ್ಕಾರು ಕಾಫಿಬೀಜಗಳನ್ನು ಎಣಿಸಿ ಹಾಕಿ, ಸಮುದ್ರದ ನೀರನ್ನು ಸುರಿಯುತ್ತಾಳೆ. ರೋಲೊ ತಗಡಿನ ಡಬ್ಬಿಯೊಂದನ್ನು ತೆರೆಯಲು ಅದರೊಡನೆ ಯುದ್ಧವನ್ನೇ ಹೂಡುತ್ತಾನೆ. ಕಾಫಿಯನ್ನು ಬಾಯಿಗಿಟ್ಟಾಗ ಅವನ ಮುಖದಲ್ಲಿ ಏನೂ ಕಾಣಿಸುವುದಿಲ್ಲ. ಆದರೂ ಎಲ್ಲವೂ ಕಾಣಿಸುತ್ತದೆ. ನಾವು ನಗುತ್ತೇವೆ. ಆದರೆ ಅವರು ದಡ್ಡರೆಂದು ನಗುವುದಲ್ಲ. ಹುಟ್ಟಿದಂದಿನಿಂದ ಬೇರೆಯವರ ಕೈಯಲ್ಲಿ ಎಲ್ಲವನ್ನೂ ಮಾಡಿಸಿಕೊಂಡವರ ಕೈಗಳು ಮೊದಲ ಬಾರಿಗೆ ವಸ್ತುಗಳನ್ನು ಮುಟ್ಟುತ್ತಿವೆ. ವಸ್ತುಗಳು ಅವರ ಸಿರಿತನಕ್ಕೆ ಮಣಿಯುತ್ತಿಲ್ಲ.

ಕೆಲವು ವಾರಗಳ ಬಳಿಕ ಅದೇ ಅಡುಗೆಮನೆಯನ್ನು ಮತ್ತೆ ತೋರಿಸುತ್ತಾರೆ. ಈಗ ಎಲ್ಲೆಲ್ಲೂ ಹಗ್ಗ, ರಾಟೆ, ಸನ್ನೆಗಳು. ಒಂದು ಹಗ್ಗವನ್ನು ಎಳೆದರೆ ಸಾಕು, ಒಂದು ಕೆಲಸ ತಾನಾಗಿ ನಡೆಯುತ್ತದೆ. ಹಡಗು ಕಿರಿದಾಗಲಿಲ್ಲ, ಕೊಪ್ಪರಿಗೆಯೂ ಅದೇ, ಬದಲಾದದ್ದು ಕೈ. ಆ ವಾರಗಳ ಕಷ್ಟವನ್ನು ಚಿತ್ರ ತೋರಿಸುವುದೇ ಇಲ್ಲ, ನಮ್ಮ ಊಹೆಗೆ ಬಿಡುತ್ತದೆ. ಈ ಸಂಯಮ ನನಗೆ ಬಹಳ ಮೆಚ್ಚಿಗೆ.

ಆ ಹಡಗು ನಿಜವಾದದ್ದು. ಕಥೆ ಹುಟ್ಟುವ ಮೊದಲೇ ಹಡಗು ಸಿಕ್ಕಿತ್ತು. ಹಡಗನ್ನು ನೋಡಿ ಕಥೆಯನ್ನು ಹೆಣೆದರು. ಅದರ ನಿಜನಾಮ 'ಬ್ಯೂಫೋರ್ಡ್'. ೧೯೧೯ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರವು, ಬಹುತೇಕ ರಾಜಕೀಯ ವಿಚಾರಗಳ ಕಾರಣದಿಂದ, ಎಮ್ಮಾ ಗೋಲ್ಡ್‌ಮನ್ ಮೊದಲಾದ ೨೪೯ ಮಂದಿಯನ್ನು ದೇಶದಿಂದ ಹೊರಗಟ್ಟಿ ರಷ್ಯಾದತ್ತ ಸಾಗಿಸಿದ್ದು ಇದೇ ಹಡಗಿನಲ್ಲಿ. ಚಿತ್ರದಲ್ಲಿ ಇದರ ಸುಳಿವಿಲ್ಲ. ಆದರೂ ಇದನ್ನು ತಿಳಿದ ಮೇಲೆ ಆ ಖಾಲಿ ಮೊಗಸಾಲೆಗಳಲ್ಲಿ ಬಾಗಿಲುಗಳು ಒಟ್ಟಿಗೆ ತೆರೆದು ಮುಚ್ಚುವುದನ್ನು ಮೊದಲಿನಷ್ಟು ಹಗುರವಾಗಿ ನೋಡಲು ನನ್ನಿಂದಾಗದು.

ಹಡಗು ಒಂದು ದ್ವೀಪದ ಬಳಿ ನೆಲ ಹಿಡಿದು ಸೋರತೊಡಗಿದಾಗ, ರೋಲೊ ಮುಳುಗುಗಾರನ ಭಾರಿ ಉಡುಪನ್ನು ತೊಟ್ಟು ಕಡಲ ತಳಕ್ಕೆ ಇಳಿಯುತ್ತಾನೆ. ಅಲ್ಲಿ 'ಕೆಲಸ ನಡೆದಿದೆ' ಎಂಬ ಫಲಕವನ್ನು ನಿಲ್ಲಿಸುತ್ತಾನೆ. ಬಕೆಟ್ಟಿನಲ್ಲಿ ಕೈತೊಳೆದು, ನೀರೊಳಗೇ ಕೈ ಒರೆಸಿಕೊಳ್ಳುತ್ತಾನೆ. ಒಂದು ಕತ್ತಿಮೀನನ್ನು ಹಿಡಿದು ಇನ್ನೊಂದರೊಡನೆ ಕಾದಾಡುತ್ತಾನೆ. ಈ ಭಾಗವನ್ನು ಟಾಹೋ ಎಂಬ ಸರೋವರದ ಕೊರೆಯುವ ನೀರಿನಲ್ಲಿ ಚಿತ್ರಿಸಿದರು. ಇನ್ನೊಂದು ವಿನೋದವನ್ನೂ ಬಹಳ ಶ್ರಮಪಟ್ಟು ಸಿದ್ಧಪಡಿಸಿದ್ದರು: ನಾಯಕ ನಕ್ಷತ್ರಮೀನೊಂದನ್ನು ಎದೆಗೆ ಬಿಲ್ಲೆಯಂತೆ ಅಂಟಿಸಿಕೊಂಡು, ಪೋಲೀಸಿನವನಂತೆ ಮೀನುಗಳ ಸಂಚಾರವನ್ನು ನಿಯಂತ್ರಿಸುವುದು. ಜಾಹೀರಾತಿನ ತುಣುಕಿನಲ್ಲಿ ಅದನ್ನು ಕಂಡವರು ನಕ್ಕರು; ಪೂರ್ಣ ಚಿತ್ರದಲ್ಲಿ ಕಂಡವರು ನಗಲಿಲ್ಲ. ಕೀಟನ್‌ಗೆ ಕಾರಣ ಹೊಳೆಯಿತು. ಮೇಲೆ ಹುಡುಗಿ ಅಪಾಯದಲ್ಲಿದ್ದಾಳೆ. ಅವಳನ್ನು ಉಳಿಸುವ ಕೆಲಸವನ್ನು ಬಿಟ್ಟು ಇವನು ಆಟಕ್ಕೆ ನಿಂತರೆ ನೋಡುವವರಿಗೆ ಸೈರಣೆಯೆಲ್ಲಿ? ಆತ ಆ ಭಾಗವನ್ನು ಕತ್ತರಿಸಿ ಎಸೆದನು. ನಗಿಸುವವನಿಗೆ ಇಂಥ ನಿಷ್ಠುರತೆ ಸುಲಭವಲ್ಲ.

ಆದರೆ ಆ ಕತ್ತರಿ ಇನ್ನೂ ಸ್ವಲ್ಪ ಮುಂದೆ ಹೋಗಬೇಕಿತ್ತು. ದ್ವೀಪದ ಜನರನ್ನು ನರಭಕ್ಷಕರೆಂದು ತೋರಿಸಿ, ದೋಣಿಗಳಲ್ಲಿ ನುಗ್ಗಿಸಿ, ಹೆದರಿಸಿ ಓಡಿಸುತ್ತಾರೆ. ಕಪ್ಪು ಜನರನ್ನು ಹೀಗೆ ಕಾಣುವುದು ಆ ಕಾಲದ ಪಾಶ್ಚಾತ್ಯ ಚಿತ್ರಗಳ ರೂಢಿ. ರೂಢಿಯೆಂದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗದು. ಇಬ್ಬರು ಸಿರಿವಂತರ ಪೆದ್ದುತನವನ್ನು ಅಷ್ಟು ಮಮತೆಯಿಂದ ಕಂಡ ಕಣ್ಣು, ಈ ಜನರಿಗೂ ಮನೆಮಾರುಗಳಿವೆಯೆಂದು ಕಾಣಲಿಲ್ಲ. ಹಾಸ್ಯವೂ ಇದರಿಂದ ಬಡವಾಯಿತು: ವಸ್ತುಗಳೊಡನೆ ನಡೆಯುತ್ತಿದ್ದ ಸೊಗಸಾದ ಜಗಳ ಹೋಗಿ, ಬರಿಯ ಹೊಡೆದಾಟ ಉಳಿಯುತ್ತದೆ. ಈ ಚಿತ್ರವನ್ನು ಹಲವು ಬಾರಿ ನೋಡಿರುವ ನನಗೆ ಪ್ರತಿಸಲವೂ ಇಲ್ಲಿ ಮನಸ್ಸು ಮುದುಡುತ್ತದೆ.

ಇದರ ನಡುವೆಯೂ ಒಂದು ಚಿತ್ರ ಕಣ್ಣಿನಲ್ಲಿ ಉಳಿಯುತ್ತದೆ. ಗಾಳಿ ತುಂಬಿ ಉಬ್ಬಿದ ಉಡುಪಿನಲ್ಲಿ ರೋಲೊ ಅಂಗಾತನಾಗಿ ತೇಲುತ್ತಿದ್ದಾನೆ. ಬೆಟ್ಸಿ ಅವನ ಮೇಲೆ ಕುಳಿತು, ಅವನನ್ನೇ ದೋಣಿಯಾಗಿಸಿ ಹುಟ್ಟುಹಾಕುತ್ತ ಹಡಗಿನತ್ತ ಸಾಗುತ್ತಾಳೆ. ಕಡೆಗೆ ಇಬ್ಬರೂ ನೀರಿಗೆ ಬಿದ್ದು ಇನ್ನೇನು ಮುಳುಗಬೇಕು, ಅಷ್ಟರಲ್ಲಿ ಅವರ ಅಡಿಯಿಂದ ಜಲಾಂತರ್ಗಾಮಿಯೊಂದು ಮೇಲೇಳುತ್ತದೆ. ಅದರೊಳಗೆ ಬೆಟ್ಸಿ ಅವನಿಗೆ ಮುತ್ತಿಡುತ್ತಾಳೆ. ಅವನು ತತ್ತರಿಸಿ ಹಿಂದಿದ್ದ ಯಂತ್ರದ ಹಿಡಿಗೆ ಒರಗುತ್ತಾನೆ. ಹಡಗಿಗೆ ಹಡಗೇ ಮಗುಚಿ ಸುತ್ತತೊಡಗುತ್ತದೆ.