ಅರ್ಜಿಯಲ್ಲಿ ಒಂದೇ ಹೆಸರು

2024 ಮಾರ್ಚ್ 9, ಕೇರಿ, ನಾರ್ತ್ ಕ್ಯಾರೊಲಿನಾ

ತಂಗಿಯ ಮಗಳೂ ಅವಳ ಸಂಗಾತಿಯೂ ಸಂಜೆ ಬಂದಿದ್ದರು. ಮದುವೆ ಬೇಡ, ಮಗು ಬೇಕು, ದತ್ತು ತೆಗೆದುಕೊಳ್ಳುತ್ತೇವೆ ಎನ್ನುವುದು ಅವರ ಹಳೆಯ ಮಾತು. ಹೊಸದು ವಕೀಲರು ಹೇಳಿದ್ದು: ಈ ರಾಜ್ಯದ ಕಾನೂನಿನ 48ನೇ ಅಧ್ಯಾಯದ ಪ್ರಕಾರ, ಅರ್ಜಿ ಹಾಕುವವರು ಅವಿವಾಹಿತರಾದರೆ ಜೊತೆಗೆ ಇನ್ನೊಬ್ಬರು ಸೇರುವಂತಿಲ್ಲ. ಒಂಟಿಯಾಗಿದ್ದರೆ ಸರಿ, ಗಂಡ ಹೆಂಡತಿಯಾದರೂ ಸರಿ. "ಹಾಗಾದರೆ ನಾನು ಆ ಮನೇಲಿ ಬಾಡಿಗೆಗಿರೋನು" ಎಂದು ಹುಡುಗ ನಕ್ಕ. ಅವಳು ನಗಲಿಲ್ಲ.

ರಾತ್ರಿ ಮೈಸೂರಿನಿಂದ ತಂಗಿಯ ಫೋನು. "ರಿಜಿಸ್ಟರ್ ಮಾಡಿಸಿಕೊಂಡು ಬಂದರೆ ಮುಗೀತಲ್ಲ, ಅದಕ್ಕೆ ಯಾಕೆ ಇಷ್ಟು ರಾಮಾಯಣ?" ಈ ಜೋಡಿಯ ಮಟ್ಟಿಗೆ ಅವಳ ಮಾತನ್ನು ತಳ್ಳಿಹಾಕುವಂತಿಲ್ಲ.

ಮಾರ್ಚ್ 12

ಬೋಸ್‌ಮನ್ ತೀರ್ಪು ಓದುತ್ತಾ ನಿದ್ದೆ ಹೋಯಿತು. ಜೂಲಿಯಾ ಬೋಸ್‌ಮನ್ ಇದೇ ರಾಜ್ಯದ ಸೆನೆಟರ್ ಆಗಿದ್ದವರು. ಅವರ ಸಂಗಾತಿ 2002ರಲ್ಲಿ ಹೆತ್ತ ಮಗುವನ್ನು ಇಬ್ಬರೂ ಸೇರಿ ಸಾಕಿದರು. 2005ರಲ್ಲಿ ಡರ್ಹಮ್ ಕೋರ್ಟು, ಹೆತ್ತವಳ ಹಕ್ಕನ್ನು ಹಾಗೇ ಉಳಿಸಿ, ಬೋಸ್‌ಮನ್‌ರಿಗೂ ದತ್ತು ಕೊಟ್ಟಿತು. ಆಮೇಲೆ ಇಬ್ಬರೂ ಬೇರೆಯಾದರು. 2010ರ ಡಿಸೆಂಬರ್ 20ರಂದು ರಾಜ್ಯದ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಬಂತು: ಅಂಥ ದತ್ತು ಕೊಡುವ ಅಧಿಕಾರವೇ ಕೆಳಗಿನ ಕೋರ್ಟಿಗೆ ಇರಲಿಲ್ಲ, ಆ ಆದೇಶ ಮೊದಲಿಂದಲೇ ಅಸಿಂಧು. ಪಾಲನೆಯ ಪಾಲನ್ನು ಮಾತ್ರ ಬಿಟ್ಟುಕೊಟ್ಟಿತು. ಎಂದರೆ ಊಟ ಬಡಿಸಬಹುದು, ಹೋಮ್‌ವರ್ಕ್ ಮಾಡಿಸಬಹುದು, ಅಮ್ಮ ಮಾತ್ರ ಅಲ್ಲ. ಪಾಲನೆ ಹದಿನೆಂಟಕ್ಕೆ ಮುಗಿಯುತ್ತದೆ. ದತ್ತಾದರೆ ಆಮೇಲೂ ಮಗುವೇ. ಉಯಿಲು ಬರೆಯದೆ ಸತ್ತರೂ ವಾರಸುದಾರ.

ಮದುವೆಯಾಗಿ ಎಂದು ಆಗ ಅವರಿಗೆ ಹೇಳುವ ಹಾಗೂ ಇರಲಿಲ್ಲ. ಇಲ್ಲಿ ಹೆಣ್ಣು ಹೆಣ್ಣನ್ನು ವರಿಸಲು ಸಾಧ್ಯವಾದದ್ದು 2014ರ ಅಕ್ಟೋಬರಿನಲ್ಲಿ. ತಂಗಿಗೆ ಇದನ್ನು ಹೇಳಬೇಕು.

ಏಪ್ರಿಲ್ 13, ರಾಕ್‌ವಿಲ್, ಮೇರಿಲ್ಯಾಂಡ್

ಯುಗಾದಿ ಊಟಕ್ಕೆ ಬಂದೆ. ಒಬ್ಬಟ್ಟಿನ ಹೂರಣ ಗಟ್ಟಿಯಾಗಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ವಕೀಲೆ ವಾಷಿಂಗ್ಟನ್ನಿನ ಕಥೆ ಹೇಳಿದರು. ಅಲ್ಲಿನ ಕಾನೂನಿನಲ್ಲೂ ಮದುವೆಯಾಗದ ಜೋಡಿಯ ಪ್ರಸ್ತಾಪವಿಲ್ಲ. ಆದರೂ 1995ರ ಜೂನ್ 30ರಂದು ಅಲ್ಲಿನ ಮೇಲ್ಮನವಿ ಕೋರ್ಟು, ಒಟ್ಟಿಗೆ ಬಾಳುತ್ತಿರುವ ಇಬ್ಬರು, ಗಂಡು ಹೆಣ್ಣಾಗಲಿ ಇಬ್ಬರು ಗಂಡಸರಾಗಲಿ, ಕೂಡಿಯೇ ಅರ್ಜಿ ಹಾಕಬಹುದು ಎಂದಿತು. ಕೇರಿಯಿಂದ ನಾಲ್ಕೈದು ಗಂಟೆಯ ದಾರಿ, ಅಷ್ಟೇ.

ಅಟ್ಲಾಂಟಾದ್ದು ಇನ್ನೂ ವಿಚಿತ್ರ. ಅಲಬಾಮದ ಇಬ್ಬರು ಹೆಂಗಸರು ನಮ್ಮವರು ತುಂಬಿರುವ ಆಲ್ಫರೆಟಾದಲ್ಲೇ ಬಾಡಿಗೆಗೆ ಮನೆ ಹಿಡಿದು, 2007ರಲ್ಲಿ ಫುಲ್ಟನ್ ಕೌಂಟಿ ಕೋರ್ಟಿನಿಂದ ಮೂರು ಮಕ್ಕಳ ದತ್ತಿನ ಆದೇಶ ಪಡೆದರು. ಜೋಡಿ ಮುರಿದ ಮೇಲೆ ಅಲಬಾಮ ಅದನ್ನು ಒಪ್ಪಲಿಲ್ಲ. 2016ರ ಮಾರ್ಚ್ 7ರಂದು ದೇಶದ ಸುಪ್ರೀಂ ಕೋರ್ಟು ಒಪ್ಪಿಸಿತು: ಒಂದು ರಾಜ್ಯದ ಅಧಿಕಾರವುಳ್ಳ ಕೋರ್ಟು ಕೊಟ್ಟ ದತ್ತನ್ನು ಇನ್ನೊಂದು ರಾಜ್ಯ ಕೆದಕುವಂತಿಲ್ಲ. ದೊಡ್ಡವರ ಜಗಳದಲ್ಲಿ ಮೊದಲು ಕೈಬಿಡುವ ಹಾಳೆ ಮಕ್ಕಳದ್ದು. ನನಗೆ ಸಿಟ್ಟು ಬರುವುದು ಅಲ್ಲಿಯೇ.

ಮೇ 4, ಕೇರಿ

"ನಮ್ಮೂರಿಂದಲೇ ಮಗು ತರಬಾರದೆ?" ಎಂದಳು ತಂಗಿ. ಅಲ್ಲೂ ಅದೇ ಬಾಗಿಲು. ಜೋಡಿಯಾದರೆ ಎರಡು ವರ್ಷದ ಸ್ಥಿರ ದಾಂಪತ್ಯ ಬೇಕು. ಭಾರತದ ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಕೌಲ್ ಆ ನಿಯಮ ತಾರತಮ್ಯ ಎಂದರು. ಉಳಿದ ಮೂವರು ಒಪ್ಪಲಿಲ್ಲ. ಆ ಮೂವರಲ್ಲಿ ಮುಖ್ಯ ತೀರ್ಪು ಬರೆದ ರವೀಂದ್ರ ಭಟ್ಟರು ಹುಟ್ಟಿದ್ದು ಮೈಸೂರಿನಲ್ಲೇ. ತಂಗಿ ಅದಕ್ಕೆ "ಓ" ಎಂದಳು, ಹೆಮ್ಮೆಯೋ ಬೇಸರವೋ ತಿಳಿಯಲಿಲ್ಲ.

ಕೊನೆಗೆ ತಂಗಿಯ ಮಗಳೊಬ್ಬಳ ಹೆಸರಿನಲ್ಲೇ ಅರ್ಜಿ ಎಂದಾಯಿತು. ಅವಳಿಗೆ ಏನಾದರೂ ಆದರೆ ಮಗು ಯಾರ ಕೈಗೆ ಎಂದು ಉಯಿಲಿನಲ್ಲಿ ಬರೆಯುತ್ತಾಳಂತೆ. ಮನೆ ಪರಿಶೀಲನೆಗೆ ಬರುವವರು ಅವಳ ಸಂಗಾತಿಯನ್ನೂ ಕೂರಿಸಿ ಪ್ರಶ್ನೆ ಕೇಳುತ್ತಾರೆ: ಸಂಬಳ, ಕಾಯಿಲೆ, ಸಿಟ್ಟು, ಬಾಲ್ಯ. ಸೋಮವಾರ ಬೆರಳಚ್ಚು ಕೊಡಲು ಅವನೂ ಹೋಗಬೇಕು. ಸಹಿಗೆ ಮಾತ್ರ ಅವನು ಬೇಡ.