ಡೇರೆಯಲ್ಲಿ ಕಳೆದ ಮೂರು ರಾತ್ರಿಗಳು

ಸಫಾರಿ ಎಂಬ ಶಬ್ದ ಇಂದು ನಮ್ಮ ಹಳ್ಳಿಯ ಮಕ್ಕಳ ಬಾಯಲ್ಲಿಯೂ ಹರಿದಾಡುತ್ತಿದೆ. ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ ಪ್ರಯಾಣ ಎಂದಷ್ಟೇ ಅರ್ಥ. ಅರಬ್ಬಿಯ ಸಫರ್ ಎಂಬುದರಿಂದ ಹುಟ್ಟಿದ ಮಾತು. ಸರಕು ಹೊತ್ತ ವರ್ತಕನದೂ ಸಫಾರಿ, ಬಂಧುಗಳ ಮನೆಗೆ ಹೊರಟವನದೂ ಸಫಾರಿ. ಬಿಳಿಯ ದೊರೆಗಳು ಬಂದೂಕು ಹಿಡಿದು ಹೊರಟ ಮೇಲೆ ಅದು ಬೇಟೆಯ ಹೆಸರಾಯಿತು. ಈಗ ಬಂದೂಕಿನ ಸ್ಥಾನದಲ್ಲಿ ಕ್ಯಾಮರಾ ಬಂದಿದೆ.

ಉದ್ಯೋಗನಿಮಿತ್ತ ಕೆನ್ಯಾದಲ್ಲಿ ನೆಲೆಸಿರುವ ನನ್ನ ತಮ್ಮನ ಮಗನು ಅಲ್ಲಿನ ಮಾಸಾಯಿ ಮಾರಾ, ನೆರೆಯ ತಾಂಜಾನಿಯಾದ ಸೆರೆಂಗೆಟಿ ಮೊದಲಾದ ವನಗಳಲ್ಲಿ ಒಂದು ವಾರ ಡೇರೆ ಹೂಡಿ ಬಂದವನು. ಸೆರೆಂಗೆಟಿ ಒಂದರ ವಿಸ್ತಾರವೇ 14,763 ಚದರ ಕಿಲೋಮೀಟರು. ಅಲ್ಲಿ ವೈಲ್ಡ್‌ಬೀಸ್ಟ್ ಎಂಬ, ದನದ ಮೋರೆಯುಳ್ಳ ಪ್ರಾಣಿಗಳು ಹತ್ತು ಲಕ್ಷಕ್ಕೂ ಮೀರಿ ಹಿಂಡುಗೂಡಿ ಮಳೆಯ ಬೆನ್ನು ಹತ್ತಿ ಹೋಗುತ್ತವೆಯಂತೆ. 2024ರ ಮಾಘದಲ್ಲಿ ಸಂಸಾರಸಮೇತ ಬಂಡೂರಿಗೆ ಬಂದಿದ್ದಾಗ, ಚಿತ್ರಗಳನ್ನೆಲ್ಲ ತೋರಿಸಿ, “ದೊಡ್ಡಪ್ಪ, ಇಂಥದ್ದು ನಮ್ಮ ಕಡೆ ಎಲ್ಲಿದೆ ಹೇಳಿ” ಎಂದನು. ಮಠದ ಪ್ರಸಾದನಿಲಯದಲ್ಲಿ ಬೆಳೆದು, ಚಾಪೆಯ ಮೇಲೆ ಮಲಗಿ ಶಾಸ್ತ್ರ ಓದಿದ ನನಗೆ ಡೇರೆಯ ಮಂಚವೇನೂ ಕಷ್ಟವಲ್ಲ. ನಾಲ್ಕು ದಿನ ನನ್ನೊಡನೆ ಬಾ ಎಂದು ಹೊರಡಿಸಿದೆನು.

ಮೊದಲು ಹೋದದ್ದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ. ಅಲ್ಲಿ ಜೀಪಿಲ್ಲ, ಬೇಲಿಯಿಲ್ಲ. ಮನೆಯ ಹಿತ್ತಿಲ ಹುಣಿಸೆಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿಕೊಂಡಿರುತ್ತವೆ. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ. ಜೆರ್ಡನ್ ಎಂಬ ಆಂಗ್ಲ ಪಕ್ಷಿಶಾಸ್ತ್ರಜ್ಞನು ಈ ಸೀಮೆಯ ಹೆಜ್ಜಾರ್ಲೆಗಳನ್ನು 1853ರಷ್ಟು ಹಿಂದೆಯೇ ದಾಖಲಿಸಿದ್ದನು. ಬಳಿಕ ಹೊರಜಗತ್ತು ಮರೆತಿದ್ದ ಈ ಊರನ್ನು 1976ರಲ್ಲಿ ಮತ್ತೆ ಬೆಳಕಿಗೆ ತಂದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು. ಊರವರು ಮಾತ್ರ ಎಂದೂ ಮರೆತಿರಲಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂಬುದೇ ಈ ಹಕ್ಕಿಗಳ ಬಗ್ಗೆ ಅಲ್ಲಿನವರ ಭಾವನೆ. ತವರಿಗೆ ಬಂದವಳನ್ನು ಯಾರು ತಾನೇ ಕಲ್ಲೆಸೆದು ಓಡಿಸುತ್ತಾರೆ?

ಆದರೆ ಭಾವನೆಗೆ ಬೆಲೆಯೂ ಉಂಟು. ಹಕ್ಕಿ ಗೂಡು ಕಟ್ಟಿದ ಹುಣಿಸೆಮರದ ಫಸಲು ಒಡೆಯನ ಕೈಗೆ ಸರಿಯಾಗಿ ಹತ್ತದು. ಬಡಿದು ಉದುರಿಸುವಂತೆಯೇ ಇಲ್ಲ. ಹಿಂದಿನವರು ಇದಕ್ಕೊಂದು ಲೆಕ್ಕ ಹಾಕಿದ್ದರು. ಮರದ ಬುಡದಲ್ಲಿ ಗುಂಡಿ ತೋಡಿ, ಉದುರಿದ ಹಿಕ್ಕೆಯನ್ನು ಕೆರೆಗೋಡಿನೊಡನೆ ಬೆರೆಸಿ ಗದ್ದೆಗೆ ಗೊಬ್ಬರವಾಗಿ ಹಾಕುತ್ತಿದ್ದರು. ಮುಂದೆ ಸರಕಾರವು ಮರದ ಒಡೆಯರಿಗೆ ಇಂತಿಷ್ಟೆಂದು ಹಣ ಕೊಡುವ ಏರ್ಪಾಡು ಮಾಡಿತು. 1990ರ ದಶಕದಲ್ಲಿ ಊರಿನ ಯುವಕರೇ ಹೆಜ್ಜಾರ್ಲೆ ಬಳಗವನ್ನು ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಿಂಡಿಗೆ ಸೇರಿಸುವ ಕೆಲಸಕ್ಕೆ ನಿಂತರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಮೊಮ್ಮಕ್ಕಳು ಅಲ್ಲಿಂದ ಕದಲಲು ಒಪ್ಪದೆ, ನಾವು ಹೊರಟಾಗ ಬಿಸಿಲು ಇಳಿದಿತ್ತು.

ಹಲಗೂರಿನ ಮೇಲೆ ಹಾಯ್ದು ಮುತ್ತತ್ತಿಯ ಕಾಡಿಗೆ ಇಳಿದೆವು. ಸೀತಾದೇವಿಯ ಮೂಗುತಿಯ ಮುತ್ತು ಕಾವೇರಿಯಲ್ಲಿ ಜಾರಿಬೀಳಲು ಆಂಜನೇಯನು ಬಾಲದಿಂದ ಮಡುವನ್ನು ಕಲಕಿ ತೆಗೆದುಕೊಟ್ಟನೆಂಬ ಐತಿಹ್ಯದಿಂದ ಊರಿಗೆ ಆ ಹೆಸರು. ಅಲ್ಲಿನ ಸುಳಿಗಳು ಇಂದಿಗೂ ಜೀವ ತೆಗೆಯುತ್ತವೆ. ಯಾತ್ರೆಗೆ ಹೋಗುವವರು ನದಿಗಿಳಿಯದಿರುವುದೇ ಲೇಸು. ಮುಂದೆ ಭೀಮೇಶ್ವರಿ. ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯವರು ಹೊಳೆಯ ದಡದಲ್ಲಿ ನಡೆಸುವ ಡೇರೆಗಳಿವೆ. ಒಂದು ಕಾಲಕ್ಕೆ ಬಿಳಿಮೀನಿಗೆ ಗಾಳ ಹಾಕಲೆಂದು ದೇಶಾಂತರಗಳಿಂದ ಜನ ಇಲ್ಲಿಗೆ ಬರುತ್ತಿದ್ದರು. ಈಗ ಅದು ನಿಂತಿದೆ. ಕಾವೇರಿಗೇ ಸೀಮಿತವಾದ ಆ ಗೂನುಬೆನ್ನಿನ ಬಿಳಿಮೀನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆಯನ್ನೂ, ಸಂಸಾರಸಮೇತ ಈಜುವ ನೀರುನಾಯಿಗಳನ್ನೂ ಬೆಳಿಗ್ಗೆ ಕಂಡೆವು.

ಆ ರಾತ್ರಿಯ ಮಾತನ್ನು ಹೇಳಲೇಬೇಕು. ಹೊಳೆಯಾಚೆ ಬಿದಿರು ಮುರಿಯುವ ಸದ್ದು ನಿಂತು ನಿಂತು ಕೇಳುತ್ತಿತ್ತು. ಸೊಸೆ ಮಕ್ಕಳನ್ನು ತಬ್ಬಿಕೊಂಡು ಕುಳಿತಳು. “ಆನೆ ಮೇಯುತ್ತಿದೆಯಮ್ಮ, ಅದರ ಊಟದ ಹೊತ್ತು” ಎಂದೆ. ಡೇರೆಯ ಬಟ್ಟೆಯೆಂಬುದು ವಿಚಿತ್ರ. ಗೋಡೆಯೊಳಗೆ ಮಲಗಿದವನಿಗೆ ಹೊರಗಿನದು ಕೇಳಿಸದು. ಬಟ್ಟೆಯೊಳಗಿನವನಿಗೆ ಎಲೆ ಬಿದ್ದರೂ ಕೇಳಿಸುತ್ತದೆ. ನನಗೆ ನಿದ್ದೆ ಬರಲಿಲ್ಲ, ಬೇಕೆಂದೂ ಅನ್ನಿಸಲಿಲ್ಲ. ಹೊಳೆಯಾಚೆ ನಮಗೆ ಬೆರಗಾಗಿದ್ದ ಆ ಸದ್ದು, ಕಾಡಂಚಿನಲ್ಲಿ ರಾಗಿ ಕಾಯಲು ಅಟ್ಟಣೆಯ ಮೇಲೆ ಕುಳಿತ ರೈತನಿಗೆ ವರ್ಷದ ಕೂಳು ಹೋಗುವ ಸದ್ದು ಎಂಬ ಯೋಚನೆಯೂ ಬಂದಿತು.

ಉಳಿದೆರಡು ರಾತ್ರಿಗಳು ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಗುಡಿಯಲ್ಲಿ. ಚಳಿ ಬಿಡಿಸಿ ಹೇಳುವಂತಿರಲಿಲ್ಲ. ಕಾಟಿ, ಕಡವೆ, ಚುಕ್ಕೆಜಿಂಕೆ ಕಂಡವು, ಹುಲಿ ಕಾಣಲಿಲ್ಲ. ಪ್ರಾಣಿಗಳಿಗಿಂತ ಹೆಚ್ಚಾಗಿ ನಾನು ನೋಡಿದ್ದು ಕಣ್ಣಿಗೆ ಅಡ್ಡವಾಗಿ ಬೆಳೆದ ಲಾಂಟಾನದ ಪೊದೆಗಳನ್ನು. ತಲೆತಲಾಂತರದಿಂದ ಸೋಲಿಗರು ಬೇಸಿಗೆಯ ಮೊದಲಲ್ಲಿ ತರಗಿಗೆ ಸಣ್ಣ ಬೆಂಕಿಯಿಟ್ಟು ನೆಲವನ್ನು ಹಸನು ಮಾಡುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಬಳಿಕ ಆ ಪದ್ಧತಿ ನಿಂತಿತು. ಲಾಂಟಾನ ಹಬ್ಬಲು ಅದೂ ಒಂದು ಕಾರಣವೆಂದು ಸೋಲಿಗರ ಹಿರಿಯರು ಹೇಳುತ್ತಾರೆ. ಕಾಡನ್ನು ಬಲ್ಲವರನ್ನೇ ಕಾಡಿನಿಂದ ದೂರವಿಟ್ಟರೆ ಹೀಗಾಗುವುದೆಂದು ನನಗೂ ತೋರುತ್ತದೆ. 2011ರಲ್ಲಿ ಇದು ಹುಲಿಯೋಜನೆಗೆ ಸೇರಿತು. ಅದೇ ವರ್ಷ ಸೋಲಿಗರ ಹಲವು ಪೋಡುಗಳಿಗೆ ಜೇನು, ನೆಲ್ಲಿ ಮೊದಲಾದವುಗಳ ಮೇಲೆ ಸಮುದಾಯದ ಹಕ್ಕು ದೊರೆಯಿತು. ಅನಂತರದ ವರ್ಷಗಳಲ್ಲಿ ಇಲ್ಲಿ ಹುಲಿ ಕಡಿಮೆಯಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಇಷ್ಟನ್ನೆಲ್ಲ ಈಗ ಬರೆಯಲು ಕಾರಣವುಂಟು. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ ಆರೋಪದ ಮೇಲೆ ಹಸುವಿನ ಯಜಮಾನನೂ ಸೇರಿ ಕೆಲವರ ಬಂಧನವಾಯಿತು. ಹುಲಿಯನ್ನೇರಿ ಬೆಟ್ಟ ಸುತ್ತಿದ ಮಾದಪ್ಪನ ಸೀಮೆ ಅದು! ಕಂಸಾಳೆಯವರು ರಾತ್ರಿಯೆಲ್ಲ ಹಾಡುವ ಕಥೆಯಲ್ಲಿ ಹುಲಿ ಅವನ ವಾಹನ. ಅಂಥಲ್ಲಿ ಐದು ಹುಲಿಗಳು ವಿಷವುಂಡವು. ಪತ್ರಿಕೆ ಓದಿ ನಾನು ಆ ದಿನ ಊಟ ಮಾಡಲಿಲ್ಲ. ಆದರೂ ಒಂದು ಹಸುವಿನಿಂದ ಜೀವನ ನಡೆಸುವ ಮನೆಯನ್ನು ನೆನೆಯದೆ ಹುಲಿಗೆ ಮಾತ್ರ ಅಳುವುದು ನನ್ನಿಂದಾಗದು.

ನಮ್ಮ ಬಂಡೂರು ಕುರಿ ನಾಡಿಗೆಲ್ಲ ಹೆಸರಾದದ್ದು. ಗಿಡ್ಡ ಕಾಲು, ತುಂಬಿದ ಮೈ. ಅದರ ಮಾಂಸದ ಹೊಗಳಿಕೆಯನ್ನು ಪರರ ಬಾಯಲ್ಲಿ ಕೇಳಿ ಬಲ್ಲೆನೇ ಹೊರತು ನಾಲಗೆಯ ಅನುಭವ ನನಗಿಲ್ಲ. ಕಬ್ಬಿನ ಗದ್ದೆಯಲ್ಲಿ ಅಡಗಿದ್ದ ಚಿರತೆ ನೆರೆಮನೆಯವರ ಕೊಟ್ಟಿಗೆಗೆ ನುಗ್ಗಿ ಎರಡು ಕುರಿಗಳನ್ನು ಕೊಂದ ಬೆಳಿಗ್ಗೆ ಆ ತಾಯಿ ಅತ್ತದ್ದನ್ನು ಕಂಡಿದ್ದೇನೆ. ಮಗಳ ಕಾಲೇಜಿನ ಶುಲ್ಕಕ್ಕೆಂದು ಇಟ್ಟ ಕುರಿಗಳವು.

ಹುಲಿಗಳ ಸುದ್ದಿ ತಿಳಿಸಿ ಬರೆದಾಗ ತಮ್ಮನ ಮಗನು ಮಾಸಾಯಿಗಳ ವಿಷಯವನ್ನು ವಿವರಿಸಿ ಉತ್ತರಿಸಿದನು. ದನವೇ ಸರ್ವಸ್ವವಾದ ಆ ಜನರನ್ನು 1959ರಲ್ಲಿ ಸೆರೆಂಗೆಟಿಯಿಂದ ಹೊರಗೆ ಕಳುಹಿಸಿದರು. ಕೆನ್ಯಾದಲ್ಲಿ ದನ ಸತ್ತ ಸಿಟ್ಟಿಗೆ ಸಿಂಹಕ್ಕೆ ವಿಷವಿಕ್ಕುವುದು ಅಲ್ಲಿಯೂ ನಡೆದದ್ದೇ. ಈಚಿನ ವರ್ಷಗಳಲ್ಲಿ ಮಾರಾದ ಸುತ್ತಣ ಹುಲ್ಲುಗಾವಲಿನ ಒಡೆಯರಾದ ಮಾಸಾಯಿ ಕುಟುಂಬಗಳಿಗೆ ಡೇರೆ ನಡೆಸುವವರು ತಿಂಗಳು ತಿಂಗಳೂ ಬಾಡಿಗೆ ಸಲ್ಲಿಸುತ್ತಾರೆ. ಅಂಬೋಸೆಲಿಯ ಬಳಿ ಸಿಂಹ ಬೇಟೆಯಾಡುತ್ತಿದ್ದ ತರುಣರನ್ನೇ ಸಂಬಳಕ್ಕೆ ನೇಮಿಸಿ ಸಿಂಹ ಕಾಯಲು ಹಚ್ಚಿದ್ದಾರೆ. ಕೊಕ್ಕರೆ ಬೆಳ್ಳೂರಿನವರ ಹುಣಿಸೆಮರದ ಲೆಕ್ಕವೂ ಇದೇ ಜಾತಿಯದು. ಕ್ಯಾತದೇವರಗುಡಿಯಲ್ಲಿ ಡೇರೆಗೆ ನಾನು ತೆತ್ತ ಹಣದ ಒಂದು ಪಾಲು, ಅರಣ್ಯದ ಅಂಚಿನಲ್ಲಿ ಹಸು ಕಳೆದುಕೊಂಡವನ ಕೈಗೆ ಅದೇ ವಾರ ತಲುಪುವಂತಾದರೆ ನಾನು ಇನ್ನಷ್ಟು ಹೆಚ್ಚು ತೆರಲು ಸಿದ್ಧ. ಸಫಾರಿಗೆ ಹೋಗಬಲ್ಲ ನಮ್ಮ ಸಮಾಜದ ಅನುಕೂಲವಂತರೂ ಒಪ್ಪುವರೆಂದು ನಂಬಿದ್ದೇನೆ.

ನೆರೆಮನೆಯ ಯಜಮಾನರು ಈಗ ಕುರಿಗೂಡಿಗೆ ಸೂರಿನವರೆಗೂ ಕಬ್ಬಿಣದ ಜಾಲರಿ ಹಾಕಿಸಿದ್ದಾರೆ. ನಾನು ಬೆಟ್ಟದಿಂದ ಮರಳಿದ ದಿನ ಜಗಲಿಯ ಮೇಲಿನಿಂದಲೇ ವಿಚಾರಿಸಿದ್ದರು: “ಏನ್ ಸ್ವಾಮಿ, ಹುಲಿ ಕಂಡ್ರಾ?” ಇಲ್ಲವೆಂದೆ. “ದುಡ್ಡು ಕೊಟ್ಟು ಅಷ್ಟು ದೂರ ಯಾಕೆ ಹೋಗ್ತೀರಿ? ಕಬ್ಬು ಕಡಿಯೋ ಕಾಲಕ್ಕೆ ನಮ್ಮ ಹಟ್ಟಿ ಮುಂದೆ ಒಂದು ರಾತ್ರಿ ಕೂತ್ಕೊಳಿ, ಚಿರತೆ ತೋರಿಸ್ತೀನಿ” ಎಂದು ನಕ್ಕರು.