ಕಾವಲಿಲ್ಲದ ಗಂಡುಮಕ್ಕಳು

ಮದುವೆಯ ಹಿಂದಿನ ರಾತ್ರಿ ನಮ್ಮ ಮನೆಗಳಲ್ಲಿ ಮಲಗುವ ಏರ್ಪಾಡು ಹೇಗಿರುವುದೆಂಬುದನ್ನು ವಾಚಕ ಮಹಾಶಯರು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಹೆಣ್ಣುಮಕ್ಕಳನ್ನೆಲ್ಲ ಒಳಕೋಣೆಗೆ ಸೇರಿಸಿ ಬಾಗಿಲ ಬಳಿ ಅಜ್ಜಿಯೊಬ್ಬರು ಮಲಗುವರು. ಗಂಡುಹುಡುಗರಿಗಾದರೋ ಹಜಾರದಲ್ಲಿ ಒಂದು ಜಮಖಾನ. ಪಕ್ಕದಲ್ಲಿ ಮಲಗಿದವನು ಬೀಗರ ಕಡೆಯವನೋ, ಅಡಿಗೆಯವರೊಡನೆ ಬಂದವನೋ, ವಿಚಾರಿಸುವವರಿಲ್ಲ. “ಗಂಡುಹುಡುಗ, ಎಲ್ಲಾದರೂ ಬಿದ್ದುಕೊಂಡಾನು” ಎಂಬ ಒಂದು ಮಾತಿನಲ್ಲಿ ಅವನ ಯೋಗಕ್ಷೇಮ ಮುಗಿಯಿತು.

ಈ ಧೈರ್ಯಕ್ಕೆ ಆಧಾರವೇನು? 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ ಒಂದು ವರದಿಯನ್ನು ಪ್ರಕಟಿಸಿತು. ಅವರಲ್ಲಿ ಶೇಕಡ 53.22 ಮಂದಿ ಒಂದಲ್ಲ ಒಂದು ವಿಧದ ಲೈಂಗಿಕ ದೌರ್ಜನ್ಯಕ್ಕೆ ಈಡಾದುದಾಗಿ ಹೇಳಿದರು. ಹಾಗೆ ನೊಂದವರಲ್ಲಿ ಶೇಕಡ 52.94 ಗಂಡುಮಕ್ಕಳು! ಪೀಡಿಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಅದರ ವಿಶ್ವಾಸಕ್ಕೆ ಪಾತ್ರರಾದವರು.

2012ರ ಪೋಕ್ಸೊ ಕಾಯಿದೆಯು ಹದಿನೆಂಟು ವರ್ಷ ತುಂಬದ ಎಲ್ಲರನ್ನೂ ಮಗುವೆಂದೇ ಎಣಿಸುತ್ತದೆ. ಬಹುಕಾಲ ವ್ಯಾಕರಣವನ್ನು ಬೋಧಿಸಿದ ನನಗೆ ಇದರಿಂದ ಸಂತೋಷ. ಕನ್ನಡದ ‘ಮಗು’ ನಪುಂಸಕಲಿಂಗ. ಸಂಸ್ಕೃತದ ‘ಅಪತ್ಯ’ವೂ ಹಾಗೆಯೇ. ಶಬ್ದಕ್ಕಿರುವ ವಿವೇಕ ನಮ್ಮ ಮನೆಯ ಯಜಮಾನರಿಗೆ ಇನ್ನೂ ಬಂದಂತಿಲ್ಲ. ಪೀಡಿಸುವವರ ವಿಷಯದಲ್ಲಿಯೂ ಇಂಥದೇ ಭ್ರಮೆಯುಂಟು: ಹೆಂಗಸಾದರೆ ನಿರಪಾಯ, ಗಂಡಸಾದರೆ ಸಂದೇಹ. ಹೆಂಗಸಿಗೂ ಈ ಕಾಯಿದೆ ಅನ್ವಯಿಸುವುದೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2025ರಲ್ಲಿ ಹೇಳಬೇಕಾಯಿತು. ಅಪಾಯವನ್ನು ತೂಗುವಾಗ ಕೇಳತಕ್ಕುದು ಬೇರೆ. ಮಗುವಿನೊಡನೆ ಏಕಾಂತವಾಗಿ ಇರುವವರು ಯಾರು? ಕಾರಣವಿಲ್ಲದೆ ಕಾಣಿಕೆ ಕೊಡುವವರು ಯಾರು? ಯಾವ ಮನೆಯ ಹೆಸರೆತ್ತಿದರೆ ಮಗುವಿಗೆ ಊಟ ಸೇರದು?

ನನ್ನ ಉದ್ಯೋಗದ ಕೊನೆಯ ವರ್ಷಗಳಲ್ಲಿ ಹನ್ನೆರಡು ವರ್ಷದ ಶಿಷ್ಯನೊಬ್ಬನು ಮನೆಪಾಠಕ್ಕೆ ಹೋಗಲು ಹಠಾತ್ತಾಗಿ ಒಲ್ಲೆನೆಂದನು. ತಂದೆ ನಕ್ಕುಬಿಟ್ಟರು: “ಗಂಡುಹುಡುಗನಿಗೆ ಏನಾದೀತು ಮೇಷ್ಟ್ರೇ? ಪಾಠಗಳ್ಳ, ಅಷ್ಟೆ.” ಆ ಮನೆಯಲ್ಲಿಯೇ ಹಿರಿಯ ಮಗಳನ್ನು ಪಾಠಕ್ಕೆ ಕಳುಹಿಸುವಾಗ ತಾಯಿ ಜೊತೆಯಲ್ಲಿ ಹೋಗಿ ಜಗುಲಿಯ ಮೇಲೆ ಕುಳಿತಿರುತ್ತಿದ್ದರು! ಸಂದೇಹ ತೋರಿದರೆ ಪೋಲೀಸರಿಗೆ ತಿಳಿಸುವುದು ಕಾಯಿದೆಯ ಕಟ್ಟಳೆ, ಅದರಂತೆ ತಿಳಿಸಿದೆ. ಸಮವಸ್ತ್ರವಿಲ್ಲದೆ, ಸಾದಾ ಸೀರೆಯುಟ್ಟು ಬಂದ ಮಹಿಳಾ ಸಬ್ ಇನ್‌ಸ್ಪೆಕ್ಟರರು ಹುಡುಗನ ಎದುರಿಗೆ ನೆಲದ ಮೇಲೆಯೇ ಕುಳಿತರು. ಅರ್ಧ ಗಂಟೆಯ ಮೌನದ ಬಳಿಕ ಅವನು ಬಾಯಿಬಿಟ್ಟನು.

ಇಷ್ಟು ದಿನ ಏಕೆ ಹೇಳಲಿಲ್ಲವೆಂದು ತಾಯಿ ಅಳುತ್ತ ಕೇಳಿದರು.

“ಅಕ್ಕ ಮನೆಗೆ ಬಂದಾಗಲೆಲ್ಲ ಕೇಳುತ್ತಿದ್ದೆಯಲ್ಲ, ಅಮ್ಮ. ನನ್ನನ್ನು ಕೇಳಲೇ ಇಲ್ಲ” ಎಂದನು ಹುಡುಗ.